ನಮ್ಮ ಬಿಸಿಲಿಗೆ ಒಪ್ಪುವ ಹೂಬಳ್ಳಿಗಳೂ ಬಹುವಾರ್ಷಿಕ ಗಿಡಗಳೂ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಯಲ್ಲಿ ಮನೆಗೆ ಮರಳುವುದು ಅಪರೂಪ. ಗಾಜಿನ ಮನೆಯ ಹೂವುಗಳನ್ನು ಕಂಡು ಮನಸ್ಸು ಅರಳಿರುತ್ತದೆ. ಹೊರಗೆ ಸಾಲಾಗಿ ಗಿಡಗಳನ್ನಿಟ್ಟುಕೊಂಡು ಮಾರುವವರಿರುತ್ತಾರೆ. ಒಂದೆರಡು ಕುಂಡಗಳಾದರೂ ಬಂಡಿಯೇರುತ್ತವೆ. ಆ ಗಿಡಗಳಲ್ಲಿ ಎಷ್ಟು ಮುಂದಿನ ಯುಗಾದಿಯನ್ನು ಕಂಡವು ಎಂಬ ಲೆಕ್ಕವನ್ನು ಇಟ್ಟವರು ಮಾತ್ರ ಕಡಮೆ. ನಾವು ನಮ್ಮ ಮನೆಯ ಮಟ್ಟಿಗೆ ಆ ಲೆಕ್ಕವನ್ನು ಕೆಲವು ವರ್ಷ ಇಟ್ಟುನೋಡಿದೆವು. ಫಲಿತಾಂಶವು ನಮ್ಮ ಕೈಗುಣಕ್ಕೆ ಕೀರ್ತಿ ತರುವಂಥದಾಗಿರಲಿಲ್ಲ. ಆದರೆ ಸತ್ತ ಗಿಡಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಅವುಗಳಲ್ಲಿ ಬಹುಪಾಲು ನಮ್ಮ ಉಪೇಕ್ಷೆಯಿಂದ ಸತ್ತವಲ್ಲ. ಆರಿಸುವಾಗ ಮಾಡಿದ ತಪ್ಪಿನಿಂದ ಸತ್ತವು. ಹೂವಿನ ಮುಖವನ್ನು ನೋಡಿ ಆರಿಸಿದ್ದೆವು, ಗಿಡದ ಸ್ವಭಾವವನ್ನು ವಿಚಾರಿಸಿರಲಿಲ್ಲ.

ಒಂದು ಉದಾಹರಣೆಯನ್ನು ಹೇಳುತ್ತೇವೆ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕವೊಂದರಲ್ಲಿ ವಿಸ್ಟೀರಿಯಾ ಎಂಬ ಬಳ್ಳಿಯ ಚಿತ್ರವಿತ್ತು. ಹಳೆಯ ಕಲ್ಲುಮನೆಯ ಮುಂದೆ ನೇರಳೆ ಬಣ್ಣದ ಗೊಂಚಲುಗಳು ದ್ರಾಕ್ಷಿಯಂತೆ ಇಳಿಬಿದ್ದಿದ್ದವು. ಬಹಳ ಪ್ರಯತ್ನಪಟ್ಟು ಒಂದು ಸಸಿಯನ್ನು ತರಿಸಿ, ಒಳ್ಳೆಯ ಮಣ್ಣು ಹಾಕಿ, ಮೂರು ವರ್ಷ ಸಾಕಿದೆವು. ಎಲೆ ಬಂದಿತು, ಹೂ ಬರಲಿಲ್ಲ. ನಾಲ್ಕನೆಯ ಬೇಸಗೆಯಲ್ಲಿ ಎಲೆಯೂ ಬರಲಿಲ್ಲ. ಆ ಬಳ್ಳಿ ಚಳಿಯ ದೇಶದ್ದು. ಹಲವು ವಾರಗಳ ಕೊರೆಯುವ ಚಳಿಯಲ್ಲಿ ಎಲೆ ಉದುರಿಸಿ ಮಲಗಿ, ಆ ನಿದ್ರೆ ಪೂರ್ತಿಯಾದ ಮೇಲೆಯೇ ಅದು ಚೆನ್ನಾಗಿ ಹೂ ಬಿಡುವುದು. ನಮ್ಮ ಊರಿನಲ್ಲಿ ಅದಕ್ಕೆ ನಿದ್ರೆಯೇ ದೊರೆಯಲಿಲ್ಲ. ಕ್ಲೆಮ್ಯಾಟಿಸ್ ಎಂಬ ತೋಟದ ಬಳ್ಳಿಯ ಬಹುತೇಕ ವಿದೇಶೀ ಜಾತಿಗಳ ಕಥೆಯೂ ಇದೇ. ಉದಕಮಂಡಲದಲ್ಲಿ ಬೆಳೆಯುವುದನ್ನು ಕಂಡು ಮೈಸೂರಿನಲ್ಲಿಯೂ ಬೆಳೆದೀತೆಂದು ನಂಬುವುದು ಸಹಜವಾದರೂ, ನಡುವೆ ಸುಮಾರು 5000 ಅಡಿಗಳ ಎತ್ತರದ ವ್ಯತ್ಯಾಸವಿದೆಯೆಂಬುದನ್ನು ಮರೆಯಬಾರದು.

ಗಿಡಕ್ಕೂ ನಿದ್ರೆ ಬೇಕು. ಶೀತದೇಶದ ಗಿಡಗಳನ್ನು ಮಲಗಿಸುವುದು ಚಳಿ. ನಮ್ಮ ಸೀಮೆಯ ಗಿಡಗಳನ್ನು ಮಲಗಿಸುವುದು ಜಲಾಭಾವ. ಆರಿಸುವ ಕೆಲಸಕ್ಕೆ ಇದೇ ತಳಹದಿಯೆಂಬುದು ನಮ್ಮ ಅಭಿಪ್ರಾಯ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 30 ಅಂಗುಲ, ಬೆಂಗಳೂರಿನಲ್ಲಿ ಸುಮಾರು 38 ಅಂಗುಲ ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೇ ತಿಂಗಳಿಂದ ಅಕ್ಟೋಬರಿನ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರಿನಿಂದ ಮಾರ್ಚಿಯ ಕೊನೆಯವರೆಗೆ ಆಕಾಶದಿಂದ ಬೀಳುವುದು ಹೆಸರಿಗೆ ಮಾತ್ರ. ಆದಕಾರಣ ಒಂದು ಬಳ್ಳಿಯನ್ನು ಮನೆಗೆ ತರುವ ಮುನ್ನ ಕೇಳತಕ್ಕ ಮೊದಲನೆಯ ಪ್ರಶ್ನೆ, ಹೂವಿನ ಬಣ್ಣ ಯಾವುದೆಂದಲ್ಲ. ಈ ನಾಲ್ಕು ಒಣ ತಿಂಗಳುಗಳನ್ನು ಅದು ಹೇಗೆ ಕಳೆಯುತ್ತದೆ ಎಂಬುದು.

ಇದು ಕೇವಲ ರಸಿಕರ ಚರ್ಚೆಯೆಂದು ಯಾರೂ ಭಾವಿಸಬಾರದು. 2024ನೆಯ ಇಸವಿಯ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿಹೋದುವು. ಆ ಮಾರ್ಚಿಯಲ್ಲಿ ನಗರದ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಉಪಯೋಗಿಸಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. ಹುಲ್ಲುಹಾಸನ್ನೂ ನೀರು ಬೇಡುವ ವಿದೇಶೀ ಗಿಡಗಳನ್ನೂ ಬೆಳೆಸಿದ್ದ ಮನೆಗಳವರು ಆಗ ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡೆವು. ಅದೇ ಬೀದಿಗಳಲ್ಲಿ, ಅದೇ ತಿಂಗಳಿನಲ್ಲಿ, ಯಾರೂ ಒಂದು ಚೊಂಬು ನೀರನ್ನೂ ಹಾಕದಿದ್ದ ಕಾಂಪೌಂಡು ಗೋಡೆಗಳ ಮೇಲೆ ಬೋಗನ್‌ವಿಲ್ಲೆಯು ಬೆಂಕಿ ಬಿದ್ದಂತೆ ಹೂ ಬಿಟ್ಟಿತ್ತು.

ನಮ್ಮ ಜನರು ಕಾಗದದ ಹೂವೆಂದು ಕರೆಯುವ ಈ ಬಳ್ಳಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದಕ್ಕೆ ಅಪ್ಪಣೆಯಾಗಬೇಕು. ಇದರ ತವರು ದಕ್ಷಿಣ ಅಮೆರಿಕ. ಫ್ರಾನ್ಸಿನ ನಾವಿಕನಾದ ಬೋಗನ್‌ವಿಲ್ಲನು ಭೂಪ್ರದಕ್ಷಿಣೆಗೆ ಹೊರಟಿದ್ದಾಗ, ಅವನ ಹಡಗುಗಳೊಂದಿಗೆ ಬಂದಿದ್ದ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನು 1767ರಲ್ಲಿ ಬ್ರೆಜಿಲ್ ದೇಶದ ರಿಯೋ ನಗರದ ಬಳಿ ಇದನ್ನು ಸಂಗ್ರಹಿಸಿದನು. ಕಾಮರ್ಸನನ ಸಹಾಯಕನೆಂದು ಗಂಡುವೇಷದಲ್ಲಿ ಹಡಗನ್ನೇರಿದ್ದವಳು ಜೀನ್ ಬಾರೆ ಎಂಬ ಹೆಂಗಸು. ಭೂಮಿಯನ್ನು ಸುತ್ತಿಬಂದ ಮೊದಲ ಸ್ತ್ರೀಯೆಂದು ಚರಿತ್ರೆ ಆಕೆಯನ್ನು ನೆನೆಯುತ್ತದೆ. ಬಳ್ಳಿಗೆ ಮಾತ್ರ ನಾಯಕನ ಹೆಸರೇ ನಿಂತಿತು. ನಾವು ಹೂವೆಂದು ಮೆಚ್ಚುವ ಆ ಕೆಂಪು, ಕಿತ್ತಳೆ, ನೇರಳೆ ದಳಗಳು ನಿಜವಾಗಿ ಹೂವುಗಳಲ್ಲ, ಬಣ್ಣ ಹೊತ್ತ ಎಲೆಗಳು. ಅವುಗಳ ನಡುವೆ ಸಣ್ಣ ಕೊಳವೆಯಂತೆ ಕಾಣುವ ಬೆಳ್ಳನೆಯ ವಸ್ತುವೇ ಹೂವು. ಎಲೆಯಾದುದರಿಂದಲೇ ಅದು ಬಿಸಿಲಿಗೆ ಬಾಡದೆ ವಾರಗಟ್ಟಲೆ ನಿಲ್ಲುತ್ತದೆ.

ಮೊದಲಿಗೆ ಈ ಬಳ್ಳಿಯನ್ನು ನೆಟ್ಟಾಗ ನಾವು ಅದಕ್ಕೆ ದಿನವೂ ಎರಡು ಕೊಡ ನೀರು ಹಾಕಿ, ತಿಂಗಳಿಗೊಮ್ಮೆ ಗೊಬ್ಬರ ಕೊಟ್ಟು, ಮಕ್ಕಳನ್ನು ಸಾಕುವಂತೆ ಸಾಕಿದೆವು. ಎರಡು ವರ್ಷ ಬರಿಯ ಹಸುರು, ಮುಳ್ಳುಗಳಿಗೇನೂ ಕೊರತೆಯಿರಲಿಲ್ಲ. ಮೂರನೆಯ ವರ್ಷ ಕಾರ್ಯಾರ್ಥವಾಗಿ ಒಂದೂವರೆ ತಿಂಗಳು ಊರಿನಲ್ಲಿ ಇರಲಿಲ್ಲ. ನೀರು ಹಾಕುವೆನೆಂದು ಒಪ್ಪಿಕೊಂಡಿದ್ದ ಹುಡುಗನು ಮರೆತುಬಿಟ್ಟಿದ್ದನು. ಅವನನ್ನು ಗದರಿಸಬೇಕೆಂದು ಬಂದ ನಾವು ಬಾಗಿಲಿನಲ್ಲಿಯೇ ನಿಂತುಬಿಟ್ಟೆವು. ಬಳ್ಳಿಯಲ್ಲಿ ಎಲೆಯೇ ಕಾಣದಷ್ಟು ಹೂವಿದ್ದಿತು. ಬೇರು ಒಣಗಿ, ಹಗಲು ಚಿಕ್ಕದಾಗಿರುವ ಕಾಲದಲ್ಲಿ ಬೋಗನ್‌ವಿಲ್ಲೆ ಹೂವಿಗೆ ತಿರುಗುತ್ತದೆ. ನೀರೂ ಗೊಬ್ಬರವೂ ಹೆಚ್ಚಾದರೆ ಎಲೆಗೆ ತಿರುಗುತ್ತದೆ. ಅಂದಿನಿಂದ ನಾವು ಅದಕ್ಕೆ ತೋರಿಸುವ ಪ್ರೀತಿಯೆಂದರೆ, ಮಳೆಗಾಲ ಕಳೆದಮೇಲೆ ಅದರ ಕಡೆ ನೋಡದೆ ಇರುವುದು.

ಎರಡನೆಯ ಪ್ರಶ್ನೆ, ಬಳ್ಳಿಯು ಯಾವ ರೀತಿಯಲ್ಲಿ ಹತ್ತುತ್ತದೆ ಎಂಬುದು. ಇದನ್ನು ವಿಚಾರಿಸದೆ ಹಂದರ ಕಟ್ಟಿಸಿ ಹಣ ಕಳೆದುಕೊಂಡವರು ಬಹಳ ಮಂದಿ. ವಿಕಾಸವಾದದಿಂದ ಪ್ರಸಿದ್ಧನಾದ ಡಾರ್ವಿನ್ ಮಹಾಶಯನು 1865ರಲ್ಲಿ ಬಳ್ಳಿಗಳ ಚಲನೆಯ ಮೇಲೆ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಕಾಯಿಲೆಯಿಂದ ಕೋಣೆ ಬಿಟ್ಟು ಕದಲಲಾರದೆ ಇದ್ದಾಗ, ಕುಂಡದಲ್ಲಿದ್ದ ಹಾಪ್ ಬಳ್ಳಿಯೊಂದರ ತುದಿಯನ್ನು ಹಗಲಿರುಳು ನೋಡುತ್ತ ಕುಳಿತು, ಅದು ಆಸರೆಯನ್ನು ಹುಡುಕುತ್ತ ಗಾಳಿಯಲ್ಲಿ ಸುಮಾರು ಎರಡು ಗಂಟೆ ಎಂಟು ನಿಮಿಷಕ್ಕೊಂದು ಸುತ್ತು ಬರುವುದೆಂದು ಅಳೆದನು. ಬಳ್ಳಿಗೆ ಕಣ್ಣಿಲ್ಲ, ತಡಕಾಡಿಯೇ ಆಸರೆಯನ್ನು ಕಂಡುಕೊಳ್ಳಬೇಕು. ಆ ತಡಕಾಟಕ್ಕೆ ಸಿಕ್ಕುವಂತೆ ಆಸರೆಯನ್ನು ಒದಗಿಸುವುದು ನಮ್ಮ ಕೆಲಸ.

ಶಂಖಪುಷ್ಪದಂಥ ಬಳ್ಳಿ ತನ್ನ ಮೈಯನ್ನೇ ಆಸರೆಗೆ ಸುತ್ತಿಕೊಂಡು ಏರುತ್ತದೆ. ಅದಕ್ಕೆ ತಂತಿ, ಹುರಿ, ಬಿದಿರುಗಳುವಿನಂಥ ತೆಳ್ಳನೆಯ ಆಸರೆ ಬೇಕು. ಮುಂಬಾಗಿಲ ದಪ್ಪ ಕಂಬದ ಬುಡದಲ್ಲಿ ನೆಟ್ಟರೆ ಸುತ್ತಲಾರದೆ ಜಾರಿ ಬೀಳುವುದು. ಕೃಷ್ಣಕಮಲದಂಥವು ಎಳೆಯಂತಹ ಕುಡಿಬಳ್ಳಿಗಳಿಂದ ಹಿಡಿದುಕೊಳ್ಳುತ್ತವೆ. ಅವಕ್ಕೆ ಜಾಲರಿ ಉತ್ತಮ. ಕೆಲವು ಬಳ್ಳಿಗಳು ಗೋಡೆಗೇ ಬೇರೂರಿ ಅಂಟಿಕೊಳ್ಳುತ್ತವೆ. ಕಿತ್ತಾಗ ಗಾರೆಯ ಮೇಲೆ ಉಳಿಯುವ ಕಲೆಯನ್ನು ಸುಣ್ಣ ಬಳಿಯುವವನೇ ಬಲ್ಲ. ಬೋಗನ್‌ವಿಲ್ಲೆಯಾದರೋ ಇವಾವುವನ್ನೂ ಮಾಡದು. ಉದ್ದನೆಯ ಕೊಂಬೆಗಳನ್ನು ಚಾಚಿ, ಮುಳ್ಳುಗಳಿಂದ ಪಕ್ಕದ ಗಿಡಕ್ಕೆ ಕೊಕ್ಕೆ ಹಾಕಿ ಒರಗುವುದೇ ಅದರ ರೀತಿ. ಪಕ್ಕದಲ್ಲಿ ಗಿಡವಿಲ್ಲದಿದ್ದರೆ ನಾವೇ ಹಗ್ಗದಿಂದ ಕಟ್ಟಬೇಕು. ‘ನಮ್ಮ ಬೋಗನ್‌ವಿಲ್ಲೆ ಕಮಾನನ್ನು ಹತ್ತುವುದೇ ಇಲ್ಲ’ ಎಂದು ದೂರುವವರಿಗೆ ನಾವು ಕೊಡುವ ಉತ್ತರ, ಅದು ಎಂದಿಗೂ ತಾನಾಗಿ ಹತ್ತುವುದಿಲ್ಲ ಎಂಬುದೇ.

ರಂಗೂನ್ ಬಳ್ಳಿಯೂ ಈ ಒರಗುವ ಜಾತಿಗೆ ಸೇರಿದ್ದು. ಎಲೆ ಉದುರಿದಮೇಲೆ ಅದರ ತೊಟ್ಟಿನ ಬುಡವು ಗಟ್ಟಿಯಾಗಿ ಮುಳ್ಳಾಗುವುದನ್ನು ಗಮನಿಸಿದವರು ಕಡಮೆ. ಹದಿನೇಳನೆಯ ಶತಮಾನದಲ್ಲಿ ಅಂಬೋಯ್ನಾ ದ್ವೀಪದಲ್ಲಿದ್ದ ರಂಫಿಯಸ್ ಎಂಬ ವಿದ್ವಾಂಸನು ಇದಕ್ಕೆ ‘ಕ್ವಿಸ್‌ಕ್ವಾಲಿಸ್’ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಯಾರು? ಎಂಥದು?’ ಎಂದು. ಎಳೆಯದಾಗಿದ್ದಾಗ ಪೊದೆಯಂತೆ ನಿಂತು ಆಮೇಲೆ ಬಳ್ಳಿಯಾಗುವುದರಿಂದಲೂ, ಒಂದೇ ಗೊಂಚಲಿನಲ್ಲಿ ಬಿಳಿ, ನಸುಗೆಂಪು, ಕಡುಗೆಂಪು ಹೂಗಳಿರುವುದರಿಂದಲೂ ಆ ಹೆಸರು ಒಪ್ಪುತ್ತದೆ. ಈಗಿನ ಶಾಸ್ತ್ರಜ್ಞರು ಹೆಸರನ್ನು ಕೊಂಬ್ರೀಟಮ್ ಇಂಡಿಕಮ್ ಎಂದು ಬದಲಾಯಿಸಿರುವರು. ನಮಗೆ ಹಳೆಯ ಹೆಸರಿನ ಮೇಲೆಯೇ ಮೋಹ. ಸಂಜೆ ಅರಳುವಾಗ ಹೂ ಬೆಳ್ಳಗಿದ್ದು ಕಂಪನ್ನು ಬೀರುತ್ತದೆ. ಆಗ ಬರುವ ಅತಿಥಿಗಳು ಇರುಳಿನ ಪತಂಗಗಳು. ಮರುದಿನ ಕೆಂಪೇರುತ್ತ ಹೋದಂತೆ ಹಗಲಿನ ಜೇನುಹುಳುಗಳೂ ಚಿಟ್ಟೆಗಳೂ ಬರುತ್ತವೆ. ಪಶ್ಚಿಮದ ಗೋಡೆಗೆ ಇದಕ್ಕಿಂತ ಉತ್ತಮವಾದ ಬಳ್ಳಿಯನ್ನು ನಾವು ಕಾಣೆವು. ಮಧ್ಯಾಹ್ನದ ಬಿಸಿಲನ್ನೆಲ್ಲ ತಾನು ಕುಡಿದು ಒಳಗಿನ ಕೋಣೆಯನ್ನು ತಂಪಾಗಿಡುವುದಲ್ಲದೆ, ಕಚೇರಿಯಿಂದ ಬಂದು ಕಿಟಕಿ ತೆರೆಯುವ ಹೊತ್ತಿಗೆ ಸರಿಯಾಗಿ ಅರಳಿ ಕಾದಿರುತ್ತದೆ. ಆದರೆ ಹೆಂಚಿನ ಮಾಡಿನ ಹತ್ತಿರಕ್ಕೆ ಬಿಡಬಾರದು. ಹೆಂಚುಗಳ ನಡುವೆ ಒಮ್ಮೆ ನುಗ್ಗಿದರೆ, ಮುಂದಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಪಾತ್ರೆ ಇಡಬೇಕಾದೀತು.

ಯಾವ ಹೊತ್ತಿನಲ್ಲಿ ನಾವು ತೋಟದಲ್ಲಿರುವೆವು ಎಂಬುದನ್ನೂ ನೋಡಿ ಆರಿಸಬೇಕಷ್ಟೆ. ಹಗಲೆಲ್ಲ ಮನೆಯಲ್ಲಿಲ್ಲದವರಿಗೆ ಹಗಲುಹೂವಿನಿಂದ ಏನು ಪ್ರಯೋಜನ? ಅಂಥವರಿಗೆ ಮಲ್ಲಿಗೆಯ ಕುಲವೇ ಗತಿ. ಮಲ್ಲಿಗೆಯು ಪೂರ್ತಿ ಬಳ್ಳಿಯೂ ಅಲ್ಲ, ಪೂರ್ತಿ ಗಿಡವೂ ಅಲ್ಲ. ಕೊಂಬೆಗಳನ್ನು ಒರಗಿಸಿಕೊಂಡರೆ ಚಪ್ಪರದ ಮೇಲೂ ಹಬ್ಬುವುದು, ಸವರಿದರೆ ಮೊಣಕಾಲೆತ್ತರದ ಪೊದೆಯಾಗಿಯೂ ನಿಲ್ಲುವುದು. ಮಾರ್ಚಿಯಿಂದ ಜುಲೈಯವರೆಗೆ ಮಲ್ಲಿಗೆ, ಮಳೆಗಾಲದಲ್ಲಿ ಮೊಗ್ಗಿನ ಹೊರಮೈಯಲ್ಲಿ ನಸುಗೆಂಪಿನ ಛಾಯೆಯುಳ್ಳ ಜಾಜಿ, ಅದು ಹಿಂದೆಗೆಯುವ ಹೊತ್ತಿಗೆ ಕಾಕಡ, ಈ ಮೂರನ್ನು ಇಟ್ಟುಕೊಂಡ ಮನೆಯಲ್ಲಿ ದೇವರ ಪೂಜೆಗೆ ಹೂ ಕೊಳ್ಳಬೇಕಾದ ದಿನಗಳು ಕೆಲವೇ. ಕಾಕಡಕ್ಕೆ ಪರಿಮಳ ಕಡಮೆಯೆಂದು ಹೆಂಗಸರು ಮೂಗು ಮುರಿಯುವುದುಂಟು. ಚಳಿಯ ತಿಂಗಳುಗಳಲ್ಲಿ ಮುಡಿಗೆ ಬೇರೆ ಮಲ್ಲಿಗೆ ಸಿಕ್ಕದಾಗ ಅವರೇ ಅದನ್ನು ಹುಡುಕಿಕೊಂಡು ಬರುವರು.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಈ ಒಂದು ಮಾತನ್ನು ತಿಳಿದವರಿಗೆ ಉಳಿದುದೆಲ್ಲ ಸುಲಭ. ನವಂಬರಿನ ಕೊನೆಯಲ್ಲಿ ನೀರನ್ನು ನಿಲ್ಲಿಸಿ ಗಿಡವನ್ನು ಬಳಲಿಸಬೇಕು. ಎಲೆ ಹಳದಿಯಾಗಿ ಉದುರತೊಡಗಿದಾಗ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ಹರಿತವಾದ ಕತ್ತರಿಯಿಂದ ಸವರಿಬಿಡಬೇಕು. ಆಮೇಲೆ ಬುಡವನ್ನು ಸಡಿಲಿಸಿ, ಕೊಟ್ಟಿಗೆಯ ಗೊಬ್ಬರವನ್ನು ಹಾಕಿ, ನೀರನ್ನು ಮತ್ತೆ ಆರಂಭಿಸಬೇಕು. ಸವರಿದ ಗಿಡವನ್ನು ನೋಡಿದರೆ ಮನೆಯ ಹಿರಿಯರು ‘ಅಯ್ಯೋ, ಕೊಂದುಬಿಟ್ಟೆಯಲ್ಲೋ’ ಎನ್ನದೆ ಇರುವುದಿಲ್ಲ. ಅವರಿಗೆ ಉತ್ತರವನ್ನು ಮಾರ್ಚಿಯಲ್ಲಿ ಗಿಡವೇ ಕೊಡುತ್ತದೆ. ಅದನ್ನು ಮುಟ್ಟಲು ಹೆದರಿ ಹತ್ತು ವರ್ಷ ಬೆಳೆಯಗೊಟ್ಟ ಮಲ್ಲಿಗೆ ಒಳಗೆಲ್ಲ ಒಣಕಡ್ಡಿಯಾಗಿ, ಕೈಗೆಟುಕದ ತುದಿಯಲ್ಲಿ ನಾಲ್ಕು ಹೂ ಬಿಟ್ಟು ನಿಲ್ಲುವುದು.

ಕಾಳಿದಾಸನ ಶಾಕುಂತಲದಲ್ಲಿ ಆಶ್ರಮದ ನವಮಾಲಿಕೆಯೊಂದು ಮಾವಿನ ಮರವನ್ನು ತಾನೇ ವರಿಸಿದೆ; ಶಕುಂತಲೆ ಅದಕ್ಕೆ ವನಜ್ಯೋತ್ಸ್ನೆಯೆಂದು ಹೆಸರಿಟ್ಟಿದ್ದಾಳೆ. ಕಾವ್ಯದಲ್ಲಿ ಈ ದಾಂಪತ್ಯ ಸೊಗಸಾಗಿದೆ. ತೋಟದಲ್ಲಿ ಮಾತ್ರ ಫಲ ಕೊಡುವ ಮಾವಿನ ಮರಕ್ಕೆ ಬಳ್ಳಿಯನ್ನು ಹಬ್ಬಿಸಬೇಡಿರೆಂದು ನಾವು ಬೇಡಿಕೊಳ್ಳುವೆವು. ಬಳ್ಳಿಯ ನೆರಳಿನಲ್ಲಿ ಮಾವಿನ ಚಿಗುರಿಗೆ ಬೆಳಕು ಸಿಕ್ಕದೆ ಹೋಗುತ್ತದೆ. ಕವಿಗಳಿಗೆ ಅಷ್ಟೇ ಪ್ರಿಯವಾದ ಮಾಧವೀಲತೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮ ಕಾಡುಗಳದೇ ಬಳ್ಳಿ. ಬೇಸಗೆಯನ್ನು ಸುಲಭವಾಗಿ ತಾಳುತ್ತದೆ. ಜನವರಿ ಕಳೆದು ಬಿಳಿಯ ಹೂಗಳು ಬಂದಾಗ, ಅವುಗಳಲ್ಲಿ ಒಂದೊಂದು ದಳಕ್ಕೆ ಬಳಿದ ಹಳದಿ ಬಣ್ಣವನ್ನೂ ಅಂಚಿನ ಕುಚ್ಚನ್ನೂ ನೋಡುತ್ತ ಎಷ್ಟು ಹೊತ್ತಾದರೂ ನಿಲ್ಲಬಹುದು. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಅದರ ಕಾಂಡ ಮನುಷ್ಯನ ತೋಳಿನಷ್ಟಾಗುತ್ತದೆ. ಬಿದಿರಿನ ಹಂದರ ಅದರ ಭಾರಕ್ಕೆ ಕುಸಿಯುವುದು. ಕಲ್ಲುಕಂಬಗಳ ಮಂಟಪವಿದ್ದವರು ಮಾತ್ರ ಅದಕ್ಕೆ ಕೈಹಾಕಲಿ. ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳಲ್ಲಿ ಇದೇ ಬಳ್ಳಿ ತೋಟದಿಂದ ತಪ್ಪಿಸಿಕೊಂಡು ಅಲ್ಲಿನ ಕಾಡನ್ನು ಮುಸುಕಿ ದೊಡ್ಡ ಪೀಡೆಯಾಗಿದೆ. ತವರಿನಲ್ಲಿ ಸಾಧುವಾಗಿರುವುದು ಪರಸ್ಥಳದಲ್ಲಿಯೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ.

ಮೈಸೂರಿನ ಹೆಸರನ್ನೇ ಹೊತ್ತ ಬಳ್ಳಿಯೊಂದಿದೆ. ಥನ್‌ಬರ್ಜಿಯಾ ಮೈಸೂರೆನ್ಸಿಸ್ ಎಂದು ಶಾಸ್ತ್ರಜ್ಞರು ಕರೆಯುವ ಅದು ನಮ್ಮ ಪಶ್ಚಿಮಘಟ್ಟದ ತಪ್ಪಲಿನದು. ಹಳದಿಯೂ ಕಂದುಗೆಂಪೂ ಕೂಡಿದ ಹೂಗಳ ಉದ್ದನೆಯ ಮಾಲೆಗಳು ಚಪ್ಪರದಿಂದ ಕೆಳಕ್ಕೆ ತೂಗುತ್ತವೆ. ಸೂರಕ್ಕಿಗಳು ಆ ಮಾಲೆಗಳನ್ನೇ ಹಿಡಿದು ಜೋತಾಡುತ್ತ ಮಕರಂದವನ್ನು ಹೀರುತ್ತವೆ. ವಿಲಾಯಿತಿಯ ಗಾಜಿನ ಮನೆಗಳಲ್ಲಿ ಇದಕ್ಕಿರುವ ಗೌರವ ಮೈಸೂರಿನ ಮನೆಗಳಲ್ಲಿ ಇಲ್ಲವೆಂಬುದು ನಮಗೆ ಸ್ವಲ್ಪ ನಾಚಿಕೆಯ ವಿಷಯ. ಘಟ್ಟದ ಬಳ್ಳಿಯಾದುದರಿಂದ ಇದಕ್ಕೆ ಬುಡದಲ್ಲಿ ತೇವವೂ ಮಧ್ಯಾಹ್ನ ನೆರಳೂ ಬೇಕು. ಪೂರ್ವ ಅಥವಾ ಉತ್ತರದ ಪಡಸಾಲೆಯ ಮುಂದೆ, ತಲೆಗೆ ತಗಲದಂತೆ ಎಂಟು ಒಂಬತ್ತು ಅಡಿ ಎತ್ತರಕ್ಕೆ ಚಪ್ಪರ ಹಾಕಿಸಿ, ಒಂದೇ ಒಂದು ಬಳ್ಳಿಯನ್ನು ನೆಟ್ಟರೆ ಸಾಕು. ನೀರಿನ ಅಡಚಣೆಯಿರುವ ಮನೆಗೆ ಇದನ್ನು ನಾವು ಶಿಫಾರಸು ಮಾಡಲಾರೆವು.

ಯಾವ ಬಳ್ಳಿಯೂ ಹನ್ನೆರಡು ತಿಂಗಳೂ ಹೂ ಬಿಡದು. ಆರಿಸುವವನು ಒಂದರ ಹಿಂದೆ ಒಂದು ಬರುವಂತೆ ಹೊಂದಿಸಬೇಕು. 1908ರಲ್ಲಿ ಬೆಂಗಳೂರಿಗೆ ಬಂದು ಸರ್ಕಾರಿ ತೋಟಗಳ ಆಡಳಿತವನ್ನು ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್ ಮಹಾಶಯರು, ಒಂದು ಜಾತಿಯ ಮರ ಹೂವನ್ನು ಮುಗಿಸುವಾಗ ಇನ್ನೊಂದು ಆರಂಭಿಸುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರೆಂಬುದು ಪ್ರಸಿದ್ಧವಾಗಿದೆ. ಮೂವತ್ತು ಅಡಿಯ ಕಾಂಪೌಂಡಿನಲ್ಲಿ ಅದೇ ಉಪಾಯವನ್ನು ಬಳ್ಳಿಗಳಿಂದ ನಡೆಸಬಹುದು. ಜನವರಿಯಲ್ಲಿ ಕಿತ್ತಳೆ ಬಣ್ಣದ ಕೊಳವೆಹೂಗಳಿಂದ ಮಾಡನ್ನೆಲ್ಲ ಮುಚ್ಚುವ ಪೈರೋಸ್ಟೀಜಿಯಾ. ಅದರ ಹಿಂದೆಯೇ, ಉಪ್ಪುಕಾಗದದಂತೆ ಒರಟಾದ ಎಲೆಯ ಪೆಟ್ರಿಯಾ. ಈ ಪೆಟ್ರಿಯಾದ ಕಡುನೇರಳೆ ದಳ ನಾಲ್ಕಾರು ದಿನಗಳಲ್ಲಿ ಉದುರಿದರೂ, ಅದರ ಹಿಂದಿನ ತಿಳಿನೇರಳೆ ಪುಷ್ಪಪಾತ್ರೆ ವಾರಗಳವರೆಗೆ ನಿಂತು ಬಳ್ಳಿಯೆಲ್ಲ ಹೂವೆಂಬ ಭ್ರಮೆ ಹುಟ್ಟಿಸುತ್ತದೆ. ಆಮೇಲೆ ಮಲ್ಲಿಗೆಯ ಕಾಲ ಹೇಗೂ ಇದ್ದೇ ಇದೆ.

ಇನ್ನು ಬಳ್ಳಿಗಳ ಬುಡದಲ್ಲಿ ನೆಡುವ ಬಹುವಾರ್ಷಿಕ ಗಿಡಗಳು. ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವಂಥವನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಕನಕಾಂಬರವು ಸ್ವಲ್ಪ ನೆರಳನ್ನೂ ಒಪ್ಪಿಕೊಂಡು, ಸವರುತ್ತಿದ್ದರೆ ವರ್ಷದ ಬಹುಭಾಗ ಹೂ ಕೊಡುತ್ತದೆ. ಪರಿಮಳವಿಲ್ಲದ ಹೂವೆಂದು ಅದನ್ನು ಹಳಿಯುವುದು ತಪ್ಪು. ಕಿತ್ತಮೇಲೆಯೂ ಬಾಡದೆ ನಿಲ್ಲುವ ಗುಣ ಮಲ್ಲಿಗೆಗಿಲ್ಲ. ಅದರ ಒಣಗಿದ ಕಾಯಿಯ ಮೇಲೆ ಒಂದು ಹನಿ ನೀರು ಬಿದ್ದರೆ ಫಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಮಕ್ಕಳಿಗೆ ಇದೊಂದು ಆಟ. ದೆಹಲಿ ಕನಕಾಂಬರವೆಂದು ಹೆಸರಾದ ಕಿತ್ತಳೆಯ ಜಾತಿ ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು.

ಕಾಶಿಕಣಗಿಲೆಯನ್ನು ಯಾರೂ ತಂದು ನೆಡುವುದಿಲ್ಲ, ತಾನೇ ಬಂದಿರುತ್ತದೆ. ಅಷ್ಟು ಅಗ್ಗವಾದ ಆ ಗಿಡದ ರಸದಿಂದಲೇ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ತೆಗೆಯುವರೆಂದು ಕೇಳಿದರೆ ನೆರೆಹೊರೆಯವರಿಗೆ ಆಶ್ಚರ್ಯವಾಗುತ್ತದೆ. ಔಷಧವೆಂದು ಯಾರೂ ಮನೆಯಲ್ಲಿ ಅದರ ಎಲೆಯನ್ನು ಅರೆದು ಕುಡಿಯಬಾರದು, ಅದು ವಿಷ. ತೋಟದಲ್ಲಿ ಅದಕ್ಕೆ ಬೇಕಾದುದು ಬಿಸಿಲು ಮತ್ತು ನೀರು ನಿಲ್ಲದ ನೆಲ, ಇಷ್ಟೇ. ಇದಕ್ಕೆ ತೀರ ವಿರುದ್ಧ ಸ್ವಭಾವದ್ದು ಕಾಬಾಳೆ. ಬಚ್ಚಲ ನೀರು ಹರಿದುಬಂದು ನಿಲ್ಲುವ ಕಡೆ ಅದನ್ನು ಸಾಲಾಗಿ ನೆಟ್ಟರೆ ಕೆಂಪು ಹಳದಿ ಹೂಗಳೂ ದೊರೆಯುತ್ತವೆ, ನೀರೂ ಸ್ವಲ್ಪ ಶುದ್ಧವಾಗುತ್ತದೆ. ಬಳಸಿದ ನೀರನ್ನು ಶೋಧಿಸುವ ಪಾತಿಗಳಲ್ಲಿ ಇಂದು ಬೇಕೆಂದೇ ಕಾಬಾಳೆಯನ್ನು ಬೆಳೆಸುವರು. ನೀರಿನ ಅಭಾವವಿರುವ ನಗರದಲ್ಲಿ ಪ್ರತಿಯೊಂದು ಬಚ್ಚಲಿಗೂ ಒಂದು ಕಾಬಾಳೆಯ ಪಾತಿ ಇರಬೇಕೆಂದು ನಾವು ಬಯಸುವೆವು.

ಮೆಕ್ಸಿಕೋ ದೇಶದಿಂದ ಬಂದು ಮನೆಮಾತಾಗಿರುವ ಸುಗಂಧರಾಜವನ್ನು ಮಲಗುವ ಕೋಣೆಯ ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ನೆಡಿರಿ. ಹತ್ತಿರವಾದರೆ ಆ ಪರಿಮಳಕ್ಕೆ ಕೆಲವರಿಗೆ ತಲೆನೋವು ಬರುವುದುಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ಶೃಂಗಾರ್, ಪ್ರಜ್ವಲ್ ಎಂಬ ಒಂಟಿಸುತ್ತಿನ ತಳಿಗಳೂ, ಸುವಾಸಿನಿ ಎಂಬ ಸುತ್ತುಹೂವಿನ ತಳಿಯೂ ನಂಬಿಕೆಗೆ ಅರ್ಹವಾಗಿವೆ. ಮಳೆಗಾಲ ಮುಗಿದು ತೋಟ ಬೋಳಾಗುವ ಹೊತ್ತಿಗೆ ಬರುವ ಸ್ಫಟಿಕದ ಹೂವನ್ನೂ ಮರೆಯಬಾರದು. ಡೇರೆಯ ವಿಷಯದಲ್ಲಿ ಮಾತ್ರ ನಮ್ಮ ಅನುಭವ ಮಿಶ್ರವಾದುದು. ಸಾಗರ ಶಿರಸಿಗಳ ಕಡೆ ಮಲೆನಾಡಿನ ಗೃಹಿಣಿಯರು ಮಳೆಗಾಲದಲ್ಲಿ ಬೆಳೆಸುವ ತಟ್ಟೆಯಗಲದ ಡೇರೆಗಳನ್ನು ಕಂಡು ಗೆಡ್ಡೆ ತಂದವರಲ್ಲಿ ನಾವೂ ಒಬ್ಬರು. ಮೊದಲ ವರ್ಷ ಹೂ ಮುಷ್ಟಿಯಷ್ಟಾಯಿತು, ಮರುವರ್ಷ ಗುಂಡಿಯಷ್ಟಾಯಿತು, ಅದರ ಮುಂದಿನ ವರ್ಷ ಗೆಡ್ಡೆಯನ್ನು ಕೊಟ್ಟಿದ್ದ ತಾಯಿಯವರಿಗೆ ಮುಖ ತೋರಿಸಲು ಸಂಕೋಚವಾಯಿತು.

ವಿಷದ ಮಾತು ಬಂದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಿಬಿಡುವೆವು. ಹಳದಿ ಗಂಟೆಯಂಥ ಹೂವಿನ ಅಲಮಂಡಾ, ಬೇಲಿಯ ಕಣಗಿಲೆ, ಇವೆರಡೂ ನೋಡಲು ಚೆಂದ. ಆದರೆ ರಸವೆಲ್ಲ ವಿಷಮಯ. ಅಂಬೆಗಾಲಿಡುವ ಮಕ್ಕಳಾಗಲಿ ಹಸುಕರುಗಳಾಗಲಿ ಇರುವ ಮನೆಯಲ್ಲಿ ಅವನ್ನು ಕೈಗೆ ಬಾಯಿಗೆ ಎಟುಕುವ ಕಡೆ ನೆಡಬಾರದು. ಎರಡನೆಯದು ಲಂಟಾನಾ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ತೋಟಕ್ಕೆ ಬಂದ ಈ ಗಿಡ ಇಂದು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನ ನೆಲವನ್ನೆಲ್ಲ ಆಕ್ರಮಿಸಿ, ಹುಲ್ಲು ಮೇಯುವ ಮೃಗಗಳಿಗೆ ಮೇವಿಲ್ಲದಂತೆ ಮಾಡಿದೆ. ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಮಾಡಿ ಮಾರುವುದು ಅವರ ಜಾಣ್ಮೆಗೆ ಸಾಕ್ಷಿ. ಆದರೆ ಅವರು ಕಡಿಯುವುದಕ್ಕಿಂತ ಹೆಚ್ಚು ವೇಗದಲ್ಲಿ ಅದು ಬೆಳೆಯುತ್ತದೆ. ಬೀದಿಯ ಅಂಗಡಿಯಲ್ಲಿ ಬಣ್ಣಬಣ್ಣದ ಲಂಟಾನಾ ಕುಂಡವನ್ನು ಕಂಡು ಕೈ ಚಾಚುವವರು ಒಂದು ಕ್ಷಣ ಈ ಬೆಟ್ಟಗಳನ್ನು ನೆನೆದರೆ ಉಪಕಾರವಾದೀತು.

ನೆಡುವ ರೀತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಬಳ್ಳಿಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಕೆಮ್ಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಇವನ್ನು ಬೆರೆಸಿ ತುಂಬಿ, ಎರಡು ಮೂರು ಮಳೆ ಬಿದ್ದಮೇಲೆ ಜೂನ್ ಜುಲೈಗಳಲ್ಲಿ ನೆಡಬೇಕು. ಮಳೆಗಾಲದಲ್ಲಿ ಬೇರೂರಿದ ಗಿಡ ಮುಂದಿನ ಬೇಸಗೆಯನ್ನು ತಾಳುವುದು. ಜನವರಿಯ ಪ್ರದರ್ಶನದಲ್ಲಿ ಕೊಂಡದ್ದನ್ನು ಕೂಡಲೆ ನೆಲಕ್ಕೆ ಹಾಕದೆ ಮಳೆಯವರೆಗೆ ಕುಂಡದಲ್ಲಿಯೇ ನೆರಳಿನಲ್ಲಿಟ್ಟು ಕಾಪಾಡುವುದು ಮೇಲು. ಗೋಡೆಗೆ ಒತ್ತಿ ನೆಡಬಾರದು. ಸೂರಿನ ಕೆಳಗೆ ಮಳೆಯ ಹನಿಯೇ ಬೀಳುವುದಿಲ್ಲವಾದ್ದರಿಂದ ಒಂದೂವರೆ ಅಡಿಯಾದರೂ ದೂರವಿರಲಿ. ಗೋಡೆಗೂ ತಂತಿಗೂ ನಡುವೆ ಮೂರು ನಾಲ್ಕು ಅಂಗುಲ ಬಿಟ್ಟರೆ ಗಾಳಿಯಾಡಿ ಹುಳುಹುಪ್ಪಟೆ ಕಡಮೆಯಾಗುವುದು.

ಕೊನೆಗೆ, ನಮಗೆ ಎಲ್ಲಕ್ಕಿಂತ ಪ್ರಿಯವಾದ ಬಳ್ಳಿ. ಅಗ್ನಿಶಿಖೆಯೆಂದೂ ಗೌರಿಹೂವೆಂದೂ ಕರೆಯುವ ಇದನ್ನು ನಮ್ಮ ಬೇಲಿಗಳಲ್ಲಿ ಎಲ್ಲರೂ ಕಂಡಿರುವರು. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಹಳದಿಯಲ್ಲಿ ಹುಟ್ಟಿ ಕೆಂಪಿಗೆ ತಿರುಗುವ ದಳಗಳು ಮೇಲ್ಮುಖವಾಗಿ ಉರಿಯ ನಾಲಗೆಗಳಂತೆ ನಿಲ್ಲುತ್ತವೆ. ಮುಂಗಾರಿನಲ್ಲಿ ನೆಲದಿಂದ ಏಳುವುದು, ಗೌರಿಹಬ್ಬದ ಆಸುಪಾಸಿಗೆ ಹೂ ಬಿಡುವುದು, ಮಳೆ ನಿಂತಮೇಲೆ ಒಣಗಿ, ಗೆಡ್ಡೆಯಾಗಿ ನೆಲದೊಳಗೆ ಮಲಗಿಬಿಡುವುದು. ಒಣ ತಿಂಗಳುಗಳನ್ನು ಹೇಗೆ ಕಳೆಯುತ್ತದೆಂಬ ನಮ್ಮ ಮೊದಲನೆಯ ಪ್ರಶ್ನೆಗೆ ಇದರಷ್ಟು ಚೊಕ್ಕವಾದ ಉತ್ತರವನ್ನು ಬೇರೆ ಬಳ್ಳಿ ಕೊಡುವುದಿಲ್ಲ. ಅದರ ಗೆಡ್ಡೆಯಲ್ಲಿ ಕಾಲ್ಚಿಸೀನ್ ಎಂಬ ಕಡುವಿಷವಿದೆ. ಗೆಣಸೆಂದು ಭ್ರಮಿಸಿ ತಿಂದವರು ಸತ್ತಿರುವುದುಂಟು. ಮುಟ್ಟಿದ ಕೈಯನ್ನು ತೊಳೆದುಕೊಳ್ಳಬೇಕು. ಡಿಸೆಂಬರಿನಲ್ಲಿ ಬಳ್ಳಿ ಒಣಗಿಹೋದಮೇಲೆ ಆ ಜಾಗದಲ್ಲಿ ಏನೂ ಇಲ್ಲವೆಂದು ಕೆಲಸದವರು ಗುದ್ದಲಿ ಹಾಕಿಬಿಡುವರು. ನಮ್ಮ ಮನೆಯಲ್ಲಿ ಎರಡು ಗೆಡ್ಡೆಗಳು ಹೀಗೆ ತುಂಡಾದುವು. ಈಗ ಬಳ್ಳಿ ಹಳದಿಯಾಗತೊಡಗಿದ ದಿನವೇ ಬುಡದ ಪಕ್ಕದಲ್ಲಿ ಒಂದು ಗೂಟವನ್ನು ನೆಟ್ಟು, ಅದಕ್ಕೆ ಕೆಂಪು ಬಟ್ಟೆಯ ಚೂರನ್ನು ಕಟ್ಟಿ, ಜೂನ್ ತಿಂಗಳವರೆಗೆ ಅಲ್ಲಿಗೆ ಯಾರೂ ಹೋಗಕೂಡದೆಂದು ಮನೆಯವರಿಗೆಲ್ಲ ಹೇಳಿಟ್ಟಿರುತ್ತೇವೆ.